ಮ್ಯಾನೇಜರ್ ಮೇಲೆ ಒಬ್ಬ ತತ್ವಜ್ಞಾನಿಯ ತಕರಾರು

1973ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯಲ್ಲಿ ಡೆನ್ನಿಸ್ ಜಿಯೋಯಾ ಎಂಬ ಯುವಕರಿಗೆ ಒಂದು ಹೊಸ ಜವಾಬ್ದಾರಿ ಬಂತು. ಎಂಜಿನಿಯರಿಂಗ್ ಓದಿ, ಎಂಬಿಎ ಮಾಡಿ, ಕಂಪನಿ ಸೇರಿ ಜಾಸ್ತಿ ದಿನ ಆಗಿರಲಿಲ್ಲ. ಮಾರಾಟವಾದ ಕಾರುಗಳಲ್ಲಿ ದೋಷವೇನಾದರೂ ಕಂಡರೆ ಅವನ್ನು ವಾಪಸ್ ತರಿಸಿ ಸರಿಮಾಡಿಕೊಡಬೇಕೇ ಎಂದು ನೋಡುವುದು ಅವರ ಕೆಲಸ. ರೀಕಾಲ್ ಅಂತಾರಲ್ಲ, ಅದು. ಮೇಜಿನ ಮೇಲೆ ದಿನವೂ ದೂರುಗಳ ರಾಶಿ. ಯಾವುದೋ ಗಾಡಿಯ ಚಕ್ರ ಕಳಚಿತು, ಇನ್ಯಾವುದೋ ಗಾಡಿಯ ಬ್ರೇಕ್ ಹಿಡಿಯಲಿಲ್ಲ. ಆ ರಾಶಿಯಲ್ಲಿ ಪಿಂಟೋ ಎಂಬ ಸಣ್ಣ ಕಾರಿನ ಕೆಲವು ವರದಿಗಳೂ ಇದ್ದವು. ಹಿಂದಿನಿಂದ ಬೇರೆ ಗಾಡಿ ಗುದ್ದಿದರೆ ಪಿಂಟೋಗೆ ಬೆಂಕಿ ಹತ್ತಿಕೊಳ್ಳುತ್ತಿತ್ತು. ಅದರ ಪೆಟ್ರೋಲ್ ಟ್ಯಾಂಕ್ ಇದ್ದದ್ದು ಹಿಂಬದಿಯ ಆಕ್ಸಲ್‌ನ ಹಿಂದೆ, ಬಂಪರ್‌ಗೆ ಹತ್ತಿರ.

ಜಿಯೋಯಾ ಸುಟ್ಟುಹೋದ ಒಂದು ಪಿಂಟೋವನ್ನು ಕಣ್ಣಾರೆ ನೋಡಿದರು. ಮನಸ್ಸು ಕಲಕಿತು. ಆದರೂ ಸಮಿತಿಯಲ್ಲಿ ವಾಪಸ್ ತರಿಸುವ ಪ್ರಶ್ನೆ ಬಂದಾಗ ಬೇಡ ಎಂಬ ಕಡೆಗೇ ಮತ ಹಾಕಿದರು. ಕಾರಣ ಸರಳ. ವರದಿಗಳ ಸಂಖ್ಯೆ ಕಡಿಮೆ ಇತ್ತು. ಇಂಥ ಭಾಗವೇ ಕೆಟ್ಟಿದೆ ಎಂದು ಬೆರಳು ಮಾಡಿ ತೋರಿಸಲು ಆಗುತ್ತಿರಲಿಲ್ಲ. ರೀಕಾಲ್ ಮಾಡಲು ಕಂಪನಿ ಇಟ್ಟುಕೊಂಡಿದ್ದ ಅಳತೆಗೋಲು ಈ ಎರಡನ್ನೂ ಕೇಳುತ್ತಿತ್ತು. ಇನ್ನೊಂದು ವಿಷಯ ಕೇಳಿ. ಆ ದಿನಗಳಲ್ಲಿ ಜಿಯೋಯಾ ಸ್ವತಃ ಓಡಿಸುತ್ತಿದ್ದದ್ದೂ ಪಿಂಟೋ ಕಾರನ್ನೇ. ಆಮೇಲೆ ಅದನ್ನು ಮಾರಿದ್ದು ತಮ್ಮ ಒಡಹುಟ್ಟಿದವಳಿಗೆ.

ಕೆಟ್ಟ ಮನುಷ್ಯ ಹೀಗೆ ಮಾಡುವುದಿಲ್ಲ ಅಲ್ವಾ? ಅಪಾಯ ಗೊತ್ತಿದ್ದೂ ಮುಚ್ಚಿಟ್ಟವರು ಆ ಕಾರನ್ನು ಮನೆಯವರ ಕೈಗೆ ಕೊಡುತ್ತಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ದೊಡ್ಡ ಕಂಪನಿಗಳ ನಡತೆಯನ್ನು ಟೀಕಿಸುತ್ತಿದ್ದವರು ಇವರು. ಅಪಾಯವನ್ನು ಅವರು ಮುಚ್ಚಿಡಲಿಲ್ಲ. ಅದು ಅವರಿಗೆ ಅಪಾಯವಾಗಿ ಕಾಣಲೇ ಇಲ್ಲ. 1978ರಲ್ಲಿ ಫೋರ್ಡ್ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ತರಿಸಿತು. ಅಷ್ಟೊತ್ತಿಗೆ ಜಿಯೋಯಾ ಕಂಪನಿ ಬಿಟ್ಟಾಗಿತ್ತು. ಮುಂದೆ ಅವರು ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಆದರು. 1992ರಲ್ಲಿ, ನಾನು ಯಾಕೆ ಹಾಗೆ ಮಾಡಿದೆ ಎಂದು ತಮ್ಮನ್ನೇ ಬಿಡಿಸಿ ನೋಡಿಕೊಂಡು ಒಂದು ಲೇಖನ ಬರೆದರು. ಬಿಸಿನೆಸ್ ಸ್ಕೂಲುಗಳಲ್ಲಿ ಅದನ್ನು ಇವತ್ತಿಗೂ ಓದಿಸುತ್ತಾರೆ.

ಪಿಂಟೋ ಹೆಸರು ಬಂದ ಕಡೆಯೆಲ್ಲ ಒಂದು ಲೆಕ್ಕದ ಹಾಳೆಯೂ ಬರುತ್ತದೆ. ಫೋರ್ಡ್ ಒಳಗೆ ತಯಾರಾದ ಆ ಟಿಪ್ಪಣಿಯಲ್ಲಿ ಒಂದು ಜೀವಕ್ಕೆ 2 ಲಕ್ಷ ಡಾಲರ್, ಒಂದು ಸುಟ್ಟಗಾಯಕ್ಕೆ 67 ಸಾವಿರ, ಸುಟ್ಟುಹೋದ ಒಂದು ವಾಹನಕ್ಕೆ 700 ಡಾಲರ್ ಎಂದು ಬೆಲೆ ಕಟ್ಟಿದ್ದರು. 180 ಸಾವು, 180 ಗಾಯ, 2,100 ವಾಹನ ಎಂದು ಅಂದಾಜು ಹಿಡಿದರೆ ಒಟ್ಟು 4 ಕೋಟಿ 95 ಲಕ್ಷ ಡಾಲರ್. ಅದನ್ನು ತಪ್ಪಿಸಲು ವಾಹನಕ್ಕೆ 11 ಡಾಲರ್‌ನಂತೆ 1 ಕೋಟಿ 25 ಲಕ್ಷ ವಾಹನಗಳಿಗೆ ಖರ್ಚು ಸುಮಾರು 13 ಕೋಟಿ 70 ಲಕ್ಷ. ಹಾಗಾಗಿ ಬೇಡ. 1977ರಲ್ಲಿ ಇದು ಪತ್ರಿಕೆಯಲ್ಲಿ ಬಂದಾಗ ಜನ ಬೆಂಕಿಯಾದರು. ನಿಜ ಹೇಳಬೇಕೆಂದರೆ ಆ ಹಾಳೆ ಪಿಂಟೋ ಒಂದರ ಬಗ್ಗೆ ಇರಲಿಲ್ಲ. ಅಮೆರಿಕದ ರಸ್ತೆಗೆ ಇಳಿಯುವ ಎಲ್ಲ ಕಾರು, ಸಣ್ಣ ಟ್ರಕ್ಕುಗಳು ಮಗುಚಿದಾಗ ಪೆಟ್ರೋಲ್ ಸೋರುವುದರ ಬಗ್ಗೆ ಸರ್ಕಾರಿ ಸುರಕ್ಷತಾ ಸಂಸ್ಥೆಗೆ ಕೊಡಲು ಮಾಡಿದ ಲೆಕ್ಕ ಅದು. ಜೀವಕ್ಕೆ 2 ಲಕ್ಷ ಎಂಬ ಬೆಲೆಯೂ ಆ ಸರ್ಕಾರಿ ಸಂಸ್ಥೆಯ ಅಂಕಿಯಿಂದಲೇ ಬಂದದ್ದು. ಇದನ್ನು ಹೇಳುತ್ತಿರುವುದು ಫೋರ್ಡ್ ಪರ ವಾದಿಸಲು ಅಲ್ಲ. ಇದು ಒಂದು ದುಷ್ಟ ಕಂಪನಿಯ ಕಥೆಯಾಗಿದ್ದರೆ ನಾವೆಲ್ಲ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದಿತ್ತು. ಸರ್ಕಾರ, ಕಂಪನಿ ಎರಡೂ ಇದೇ ರೀತಿ ಯೋಚಿಸುತ್ತಿದ್ದವು.

ಸರಿಯಾಗಿ ಅದೇ 1977ರಲ್ಲಿ ಒಬ್ಬ ತತ್ವಜ್ಞಾನಿ ಈ ಬಗೆಯ ಲೆಕ್ಕಾಚಾರದ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ಹೆಸರು ಅಲಾಸ್ಡೇರ್ ಮೆಕಿಂಟೈರ್. 1929ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದವರು. ಯೌವನದಲ್ಲಿ ಮಾರ್ಕ್ಸ್‌ವಾದಿ. 1970ರ ಆಸುಪಾಸಿನಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದರು. ಅರಿಸ್ಟಾಟಲ್ ಕಡೆಗೆ ಹೊರಳಿದರು, ಕ್ಯಾಥೊಲಿಕರೂ ಆದರು. 2025ರ ಮೇ ತಿಂಗಳಲ್ಲಿ ತಮ್ಮ 96ನೇ ವಯಸ್ಸಿನಲ್ಲಿ ತೀರಿಕೊಂಡರು. 1981ರಲ್ಲಿ ಬಂದ ಅವರ ‘ಆಫ್ಟರ್ ವರ್ಚ್ಯೂ’ ಪುಸ್ತಕ ನೀತಿಶಾಸ್ತ್ರದ ದಿಕ್ಕನ್ನೇ ತಿರುಗಿಸಿತು ಎನ್ನುವವರಿದ್ದಾರೆ. ವ್ಯಾಪಾರದ ಬಗ್ಗೆ ಅವರು ಬರೆದದ್ದು ಕಡಿಮೆ. ಆದರೆ ಮ್ಯಾನೇಜರ್ ಎಂಬ ವ್ಯಕ್ತಿಯನ್ನು ಅವರಷ್ಟು ನಿಷ್ಠುರವಾಗಿ ವಿಚಾರಣೆಗೆ ನಿಲ್ಲಿಸಿದ ತತ್ವಜ್ಞಾನಿ ಇನ್ನೊಬ್ಬರಿಲ್ಲ ಎನ್ನಬಹುದು.

ಆ ಪ್ರಬಂಧದ ಮಾತು ಇಷ್ಟು. ಲಾಭ ನಷ್ಟ ತೂಗಿ ನೋಡುವುದಕ್ಕೂ ಮೌಲ್ಯಕ್ಕೂ ಸಂಬಂಧವಿಲ್ಲ, ಅದು ಬರೀ ಅಂಕಿ ಅಂಶ ಎಂದು ಮ್ಯಾನೇಜರುಗಳು ತಿಳಿದಿರುತ್ತಾರೆ. ಆದರೆ ತಕ್ಕಡಿ ಎತ್ತುವ ಮೊದಲೇ ಎಷ್ಟೋ ತೀರ್ಮಾನ ಆಗಿಹೋಗಿರುತ್ತದೆ. ಯಾರ ನಷ್ಟವನ್ನು ಲೆಕ್ಕಕ್ಕೆ ಹಿಡಿಯಬೇಕು? ಎಷ್ಟು ವರ್ಷ ಮುಂದಿನವರೆಗೆ ನೋಡಬೇಕು? ಎಷ್ಟು ದಾರಿಗಳನ್ನು ಪರಿಶೀಲಿಸಬೇಕು, ಯಾವುದನ್ನು ಮೊದಲೇ ಬದಿಗೆ ಸರಿಸಬೇಕು? ಮಗುವಿನ ಸುಟ್ಟ ಚರ್ಮ ಮತ್ತು ಕಾರಿನ ಬೆಲೆ ಎರಡನ್ನೂ ಒಂದೇ ರೂಪಾಯಿಯಲ್ಲಿ ಅಳೆಯಬಹುದೇ? ಇವುಗಳಿಗೆ ಉತ್ತರ ಗಣಿತದಲ್ಲಿಲ್ಲ. ಉತ್ತರ ಕೊಟ್ಟವರು ಯಾರೋ ಇದ್ದಾರೆ. ಆದರೆ ಅವರಿಗೆ ತಾವು ಉತ್ತರ ಕೊಟ್ಟೆವು ಎಂಬುದೇ ಗೊತ್ತಿರುವುದಿಲ್ಲ.

ಈ ಪ್ರಬಂಧ ಹುಟ್ಟಿದ್ದು ಗ್ರಂಥಾಲಯದಲ್ಲಿ ಅಲ್ಲ. ಎಪ್ಪತ್ತರ ದಶಕದಲ್ಲಿ ಅಮೆರಿಕದ ವಿದ್ಯುತ್ ಕಂಪನಿಗಳ ಅಧಿಕಾರಿಗಳು ಮೌಲ್ಯಗಳ ಬಗ್ಗೆ ಹೇಗೆ ಯೋಚಿಸುತ್ತಾರೆ ಎಂಬ ಅಧ್ಯಯನ ನಡೆಯಿತು. ಮೆಕಿಂಟೈರ್ ಅದರಲ್ಲಿದ್ದರು. ಅಲ್ಲಿ ಸಿಕ್ಕ ಒಂದು ಸಂಗತಿಯನ್ನು ಅವರು ಎರಡು ದಶಕದ ಮೇಲೂ ಎತ್ತಿ ಹೇಳುತ್ತಿದ್ದರು. ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಕಡೆಯಿಂದ ಕೇಳಿದರೆ ಒಬ್ಬರೇ ಅಧಿಕಾರಿ ಬೇರೆ ಬೇರೆ ಉತ್ತರ ಕೊಡುತ್ತಿದ್ದರು. ಕಂಪನಿಯ ಅಧಿಕಾರಿಯಾಗಿ ಒಂದು, ಮಕ್ಕಳ ತಂದೆಯಾಗಿ ಇನ್ನೊಂದು, ಊರಿನ ನಾಗರಿಕನಾಗಿ ಮತ್ತೊಂದು. ಸುಳ್ಳು ಹೇಳುತ್ತಿರಲಿಲ್ಲ. ತಮ್ಮ ಉತ್ತರಗಳು ಒಂದಕ್ಕೊಂದು ಕೂಡುತ್ತಿಲ್ಲ ಎಂಬ ಪರಿವೆಯೇ ಅವರಿಗಿದ್ದಂತೆ ಕಾಣಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನೀತಿಗೆಟ್ಟವನು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಒಳಗೊಂದು ಹೊರಗೊಂದು ಇರುವ ಕಪಟಿ. ಮೆಕಿಂಟೈರ್ ತೋರಿಸುವ ಮನುಷ್ಯ ಹಾಗಲ್ಲ. ಮನೆಯಲ್ಲಿ ಒಳ್ಳೆಯ ಅಪ್ಪ, ದೇವಸ್ಥಾನದಲ್ಲೋ ಚರ್ಚಿನಲ್ಲೋ ಭಕ್ತ, ಆಫೀಸಿನಲ್ಲಿ ದಕ್ಷ ಅಧಿಕಾರಿ. ಒಂದೊಂದು ಕೋಣೆಗೂ ಅದರದೇ ನಿಯಮ. ಕೋಣೆಗಳ ನಡುವೆ ಬಾಗಿಲಿಲ್ಲ. ಒಂದು ಕೋಣೆಯಲ್ಲಿ ನಿಂತು ಇನ್ನೊಂದನ್ನು ಪ್ರಶ್ನಿಸಬಲ್ಲ ಇಡಿಯಾದ ಮನುಷ್ಯ ಎಲ್ಲೂ ಇಲ್ಲ. ಗುಣ ಎಂದರೆ ಇಡೀ ಬದುಕಿನಲ್ಲಿ ಹರಿದುಬರುವಂಥದ್ದು ಎಂದು ನಂಬಿದ್ದ ಮೆಕಿಂಟೈರ್‌ಗೆ ಇದು ಕಪಟಕ್ಕಿಂತ ದೊಡ್ಡ ಅಪಾಯವಾಗಿ ಕಂಡಿತು. ಕಪಟಿಗೆ ಒಳಗೊಳಗೇ ಚುಚ್ಚುವುದಾದರೂ ಉಂಟು.

ಇನ್ನು ಅವರ ಮುಖ್ಯ ತಕರಾರು. ಆಧುನಿಕ ಸಮಾಜ ತನ್ನನ್ನು ತಾನು ಕೆಲವು ಪಾತ್ರಗಳ ಮೂಲಕ ನೋಡಿಕೊಳ್ಳುತ್ತದೆ, ಅವುಗಳಲ್ಲಿ ಮ್ಯಾನೇಜರ್ ಒಂದು ಎನ್ನುತ್ತಾರೆ ಅವರು. ಮ್ಯಾನೇಜರ್ ಗುರಿಯ ಬಗ್ಗೆ ಚರ್ಚಿಸುವುದಿಲ್ಲ. ಗುರಿ ಮೇಲಿನಿಂದ ಬರುತ್ತದೆ. ಷೇರುದಾರರು ಕೊಡಲಿ, ಮಂತ್ರಿ ಕೊಡಲಿ, ಅವನ ಕೆಲಸ ಅದನ್ನು ಕಡಿಮೆ ಖರ್ಚಿನಲ್ಲಿ, ಬೇಗ, ಅಚ್ಚುಕಟ್ಟಾಗಿ ಮುಟ್ಟುವುದು. ಸೋಪು ಮಾಡುವ ಕಂಪನಿಯಾದರೂ ಸರಿ, ಸಿಗರೇಟು ಮಾಡುವ ಕಂಪನಿಯಾದರೂ ಸರಿ, ಆಸ್ಪತ್ರೆಯಾದರೂ ಸರಿ. ದಕ್ಷತೆ ಒಂದೇ ಅವನ ಬಂಡವಾಳ. ನೀತಿಯ ಪ್ರಶ್ನೆ ತನ್ನ ಟೇಬಲ್‌ಗೆ ಸೇರಿದ್ದಲ್ಲ ಎಂದು ಅವನು ಪ್ರಾಮಾಣಿಕವಾಗಿ ನಂಬಿರುತ್ತಾನೆ. ಮೆಕಿಂಟೈರ್ ಕೇಳುವುದು ಇದನ್ನೇ: ದಕ್ಷತೆ ನಿಜವಾಗಿ ತಟಸ್ಥವೇ? ಜನರನ್ನು ಒಂದು ಗುರಿಗಾಗಿ ಬಳಸಿಕೊಳ್ಳುವುದು, ಅವರ ನಡೆಯನ್ನು ನಮಗೆ ಬೇಕಾದಂತೆ ತಿರುಗಿಸುವುದು, ಇದರೊಳಗೆ ಆಗಲೇ ಒಂದು ನೀತಿ ಕೂತಿದೆ.

ಅವರು ಇಷ್ಟಕ್ಕೇ ಬಿಡುವುದಿಲ್ಲ. ಮ್ಯಾನೇಜರ್‌ಗೆ ಇದೆ ಎನ್ನುವ ಆ ಪರಿಣತಿಯೇ ಬಹುಮಟ್ಟಿಗೆ ಕಟ್ಟುಕಥೆ ಎನ್ನುತ್ತಾರೆ. ಎಂಜಿನಿಯರ್ ಸೇತುವೆ ಕಟ್ಟುವಾಗ ಭೌತಶಾಸ್ತ್ರದ ನಿಯಮ ಅವನ ಬೆನ್ನಿಗಿದೆ. ಮನುಷ್ಯರನ್ನು ನಡೆಸುವವನ ಬೆನ್ನಿಗೆ ಅಂಥ ನಿಯಮ ಯಾವುದಿದೆ? ಸಮಾಜ ವಿಜ್ಞಾನಗಳು ಇಷ್ಟು ವರ್ಷ ಹುಡುಕಿದರೂ ಖಚಿತವಾಗಿ ಮುಂದಿನದನ್ನು ಹೇಳುವ ಒಂದು ನಿಯಮವನ್ನೂ ಕೊಟ್ಟಿಲ್ಲ. ಇದಕ್ಕೆ ಅವರು ಹೇಳುವ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಹಳೆ ಶಿಲಾಯುಗದಲ್ಲಿ ಒಬ್ಬ, ಇನ್ನು ಹತ್ತು ವರ್ಷದಲ್ಲಿ ಚಕ್ರ ಕಂಡುಹಿಡಿಯುತ್ತಾರೆ ಅಂದನಂತೆ. ಚಕ್ರ ಅಂದರೇನು ಅಂತ ಪಕ್ಕದವನು ಕೇಳಿದ. ಇವನು ಅಚ್ಚು, ಅರೆಕಾಲು ಎಲ್ಲ ವಿವರಿಸಿದ. ಅಲ್ಲಿಗೆ ಚಕ್ರ ಕಂಡುಹಿಡಿದಾಯಿತಲ್ಲ! ನಿಜವಾದ ಹೊಸತನ್ನು ಮೊದಲೇ ಹೇಳಲು ಆಗುವುದಿಲ್ಲ. ಅಂದ ಮೇಲೆ ಐದು ವರ್ಷದ ಪ್ಲಾನ್ ಇಟ್ಟುಕೊಂಡು ಎಲ್ಲ ನನ್ನ ಹಿಡಿತದಲ್ಲಿದೆ ಎನ್ನುವ ಮ್ಯಾನೇಜರ್ ಮಾಡುತ್ತಿರುವುದು ಅರ್ಧ ನಾಟಕ. ಚೆನ್ನಾಗಿ ನಟಿಸುವವನೇ ದಕ್ಷ ಎನಿಸಿಕೊಳ್ಳುತ್ತಾನೆ.

ಇದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ಗೋದಾಮಿನಲ್ಲಿ ಎಷ್ಟು ಸ್ಟಾಕ್ ಇಡಬೇಕು, ಆಸ್ಪತ್ರೆಯಲ್ಲಿ ನರ್ಸ್‌ಗಳ ಪಾಳಿ ಹೇಗೆ ಹಾಕಬೇಕು ಎಂಬುದನ್ನು ಚೆನ್ನಾಗಿ ಬಲ್ಲವರಿದ್ದಾರೆ. ಆ ತಿಳಿವಳಿಕೆ ನಾಟಕವಲ್ಲ. ಆದರೆ ಅವರ ಮಾತಿನ ತಿರುಳು ಉಳಿಯುತ್ತದೆ. ನನಗೆ ವಿಜ್ಞಾನ ಗೊತ್ತು ಎಂಬ ಹೆಸರಿನಲ್ಲಿ ಮ್ಯಾನೇಜರ್‌ಗೆ ಸಿಗುವ ಅಧಿಕಾರ ಅವನಿಗೆ ಗೊತ್ತಿರುವುದಕ್ಕಿಂತ ತುಂಬ ಜಾಸ್ತಿ.

ಆ ಹೆಸರು ಎಲ್ಲಿಂದ ಬಂತು? ಇಲ್ಲಿ ಮ್ಯಾನೇಜ್‌ಮೆಂಟ್ ಶಿಕ್ಷಣದ ಕಥೆ ಬರುತ್ತದೆ. ಅಮೆರಿಕದಲ್ಲಿ ವಾರ್ಟನ್ ಸ್ಕೂಲ್ ಶುರುವಾದದ್ದು 1881ರಲ್ಲಿ, ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1908ರಲ್ಲಿ. ವೈದ್ಯರು, ವಕೀಲರ ಹಾಗೆ ಮ್ಯಾನೇಜರುಗಳೂ ಸಮಾಜಕ್ಕೆ ಬದ್ಧರಾದ ವೃತ್ತಿಪರರಾಗಬೇಕು ಎಂಬ ಆಸೆ ಆಗ ಇತ್ತು. 1959ರಲ್ಲಿ ಫೋರ್ಡ್ ಫೌಂಡೇಶನ್ ಮತ್ತು ಕಾರ್ನೆಗಿ ಕಾರ್ಪೊರೇಶನ್ ಬೆಂಬಲದಲ್ಲಿ ಎರಡು ದೊಡ್ಡ ವರದಿಗಳು ಬಂದವು. ಬಿಸಿನೆಸ್ ಸ್ಕೂಲುಗಳ ಓದು ಪೊಳ್ಳು, ಅದಕ್ಕೆ ವಿಜ್ಞಾನದ ಬಲ ಬೇಕು ಎಂದವು. ಅಲ್ಲಿಂದ ಗಣಿತ, ಅರ್ಥಶಾಸ್ತ್ರ, ಮನೋವಿಜ್ಞಾನ ತರಗತಿಗೆ ಬಂದವು. ತಪ್ಪೇನಿಲ್ಲ. ಆದರೆ ಅಳೆಯಲು ಬರದ ಪ್ರಶ್ನೆಗಳು ಮೆಲ್ಲಗೆ ಹಿಂದಿನ ಬೆಂಚಿಗೆ ಸರಿದವು.

1970ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನಿನಲ್ಲಿ ಬರೆದ ಲೇಖನ ಎಲ್ಲರಿಗೂ ಗೊತ್ತಿರುವಂಥದ್ದು. ಕಂಪನಿಯ ಸಾಮಾಜಿಕ ಜವಾಬ್ದಾರಿ ಲಾಭ ಹೆಚ್ಚಿಸುವುದು ಎಂಬ ವಾದ. ಮೋಸ, ವಂಚನೆ ಮಾಡದೆ, ಆಟದ ನಿಯಮದೊಳಗೆ ಎಂಬ ಷರತ್ತನ್ನೂ ಅವರು ಹಾಕಿದ್ದರು. ಅವರನ್ನು ಹೊಗಳುವವರೂ ಬೈಯುವವರೂ ಅದನ್ನು ಮರೆಯುತ್ತಾರೆ. 1976ರಲ್ಲಿ ಜೆನ್ಸನ್ ಮತ್ತು ಮೆಕ್ಲಿಂಗ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದಕ್ಕೆ ಸಿದ್ಧಾಂತದ ಗಟ್ಟಿತನ ಕೊಟ್ಟರು. ಮ್ಯಾನೇಜರ್ ಎಂದರೆ ಮಾಲೀಕರ ಏಜೆಂಟ್. ಅವನು ತನ್ನ ಸ್ವಾರ್ಥವನ್ನೇ ನೋಡಿಕೊಳ್ಳುತ್ತಾನೆ. ಆದ್ದರಿಂದ ಅವನ ಸ್ವಾರ್ಥವನ್ನು ಮಾಲೀಕರ ಲಾಭದ ಜೊತೆ ಕಟ್ಟಿಹಾಕಬೇಕು. ಮೇಲಧಿಕಾರಿಗಳಿಗೆ ಸಂಬಳದ ಜೊತೆ ಧಾರಾಳವಾಗಿ ಷೇರು ಕೊಡುವ ಪದ್ಧತಿ ಹಬ್ಬಿದ್ದರ ಹಿಂದೆ ಈ ವಿಚಾರದ ಕೈವಾಡ ಬಹಳ.

ಇದನ್ನು ಒಳಗಿನಿಂದಲೇ ಖಂಡಿಸಿದವರು ನಮ್ಮ ಸುಮಂತ್ರ ಘೋಷಾಲ್. ಕಲ್ಕತ್ತದಲ್ಲಿ ಹುಟ್ಟಿದವರು, ಲಂಡನ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರೊಫೆಸರ್, ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಸ್ಥಾಪಕ ಡೀನ್. 2004ರಲ್ಲಿ ತೀರಿಕೊಂಡರು. ಮರುವರ್ಷ ಪ್ರಕಟವಾದ ಅವರ ಲೇಖನ ಹೇಳಿದ್ದು ಇದು. ಸೂರ್ಯನ ಬಗ್ಗೆ ನಾವು ತಪ್ಪು ಸಿದ್ಧಾಂತ ಮಾಡಿದರೆ ಸೂರ್ಯನಿಗೇನೂ ಆಗುವುದಿಲ್ಲ. ಮನುಷ್ಯರ ಬಗ್ಗೆ ತಪ್ಪು ಸಿದ್ಧಾಂತ ಮಾಡಿ ಅದನ್ನು ಮನುಷ್ಯರಿಗೇ ಕಲಿಸಿದರೆ ಅವರು ಹಾಗೇ ಆಗಿಬಿಡುತ್ತಾರೆ. ಮ್ಯಾನೇಜರುಗಳು ಸ್ವಾರ್ಥಿಗಳು, ನಂಬಬೇಡಿ ಎಂದು ಕಲಿಸಿ, ಅದಕ್ಕೆ ತಕ್ಕ ಕಾವಲು ಮತ್ತು ಆಮಿಷಗಳನ್ನು ಕಟ್ಟಿದರೆ ನಂಬಿಕಸ್ತನೂ ನಾಲ್ಕು ದಿನದಲ್ಲಿ ಪಾಠ ಕಲಿಯುತ್ತಾನೆ. ಬಿಸಿನೆಸ್ ಸ್ಕೂಲುಗಳು ಹೊಸದಾಗಿ ಏನೋ ಮಾಡಬೇಕಿಲ್ಲ, ಈಗ ಮಾಡುತ್ತಿರುವ ಕೆಲವನ್ನು ನಿಲ್ಲಿಸಿದರೂ ಸಾಕು ಎಂಬುದು ಅವರ ಮಾತಿನ ಧಾಟಿ.

ಆದರೆ ಹಗರಣ ಆದಾಗಲೆಲ್ಲ ಬಿಸಿನೆಸ್ ಸ್ಕೂಲುಗಳು ಕೊಡುವ ಮದ್ದು ಒಂದೇ. ಇನ್ನೊಂದು ಪಾಠ ಸೇರಿಸುವುದು. 2001ರಲ್ಲಿ ಅಮೆರಿಕದ ಇಂಧನ ಕಂಪನಿ ಎನ್ರಾನ್ ಲೆಕ್ಕಪತ್ರದ ಮೋಸದಿಂದ ಮುಳುಗಿತು. ಗೌರವ, ಪ್ರಾಮಾಣಿಕತೆ ಎಂದೆಲ್ಲ ಬರೆದ ಅರವತ್ತಕ್ಕೂ ಹೆಚ್ಚು ಪುಟಗಳ ನೀತಿ ಸಂಹಿತೆ ಆ ಕಂಪನಿಗಿತ್ತು. 1999ರಲ್ಲಿ ಹಣಕಾಸು ಮುಖ್ಯಸ್ಥ ಆಂಡ್ರೂ ಫಾಸ್ಟೋ ಕಂಪನಿಯ ಜೊತೆಗೇ ವ್ಯವಹರಿಸುವ ತನ್ನದೇ ಪಾಲುದಾರಿಕೆ ಸಂಸ್ಥೆ ಶುರುಮಾಡಲು ಹೊರಟಾಗ ಆ ಸಂಹಿತೆ ಅಡ್ಡ ಬಂತು. ಆಡಳಿತ ಮಂಡಳಿ ಏನು ಮಾಡಿತು ಗೊತ್ತಾ? ಸಭೆ ಸೇರಿ, ನಿರ್ಣಯ ಮಾಡಿ, ಅವರ ಮಟ್ಟಿಗೆ ಸಂಹಿತೆಯನ್ನು ಸಡಿಲಿಸಿತು. ಎಲ್ಲ ಕಾಗದಪತ್ರ ಸರಿಯಾಗಿತ್ತು. ಆಮೇಲೆ ಹಾರ್ವರ್ಡ್ ಕಾರ್ಪೊರೇಟ್ ಹೊಣೆಗಾರಿಕೆಯ ಕಡ್ಡಾಯ ಪಾಠ ತಂದಿತು. 2008ರ ಕುಸಿತದ ನಂತರ, 2009ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಎಂಬಿಎ ಪ್ರಮಾಣವಚನ ಬರೆದು ಸಹಿ ಮಾಡಿದರು.

ನಮ್ಮಲ್ಲೂ ಇದೇ. 2008ರ ಸೆಪ್ಟೆಂಬರಿನಲ್ಲಿ ಸತ್ಯಂ ಕಂಪ್ಯೂಟರ್ಸ್‌ಗೆ ಒಳ್ಳೆಯ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡರು. ಬ್ಯಾಂಕಿನಲ್ಲಿದೆ ಎಂದು ತೋರಿಸಿದ್ದ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಅದರ ಆಡಳಿತ ಮಂಡಳಿಯಲ್ಲಿ ಹಾರ್ವರ್ಡ್ ಪ್ರೊಫೆಸರ್ ಒಬ್ಬರಿದ್ದರು.

ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ವರ್ಷಕ್ಕೊಮ್ಮೆ ನೀತಿ ತರಬೇತಿ ಇರುತ್ತಿತ್ತು. ಕಂಪ್ಯೂಟರಿನಲ್ಲಿ ಸ್ಲೈಡುಗಳು ಬರುತ್ತವೆ. ಸಪ್ಲೈಯರ್ ದೀಪಾವಳಿಗೆ ಬೆಳ್ಳಿ ನಾಣ್ಯ ಕೊಟ್ಟರೆ ಏನು ಮಾಡುತ್ತೀರಿ? ನಾಲ್ಕು ಆಯ್ಕೆ. ‘ನೆಕ್ಸ್ಟ್’ ಒತ್ತು, ‘ನೆಕ್ಸ್ಟ್’ ಒತ್ತು, ಕೊನೆಗೆ ಸರ್ಟಿಫಿಕೇಟ್. ಕೊನೆಯ ದಿನ ಮ್ಯಾನೇಜರ್ ಬಂದು, ನಮ್ಮ ಟೀಮ್ ನೂರಕ್ಕೆ ನೂರು ಆಗಬೇಕು, ಬೇಗ ಮುಗಿಸಿಬಿಡಿ ಅನ್ನುತ್ತಿದ್ದರು. ನೀತಿಯೂ ಒಂದು ಟಾರ್ಗೆಟ್ ಆಗಿತ್ತು. ಆ ವರ್ಷ ಯಾರನ್ನು ಕೆಲಸದಿಂದ ತೆಗೆದರು, ಗ್ರಾಹಕರಿಗೆ ಬೇಡದ್ದನ್ನು ಹೇಗೆ ಮಾರಿದೆವು ಎಂಬ ಪ್ರಶ್ನೆ ಮಾತ್ರ ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಮೆಕಿಂಟೈರ್‌ಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ. ನೀತಿಶಾಸ್ತ್ರವನ್ನು ಒಂದೊಂದು ಕ್ಷೇತ್ರಕ್ಕೆ ಅನ್ವಯಿಸಿ ತೋರಿಸುತ್ತೇವೆ ಎನ್ನುವ ಉದ್ಯಮವೇ ಒಂದು ತಪ್ಪಿನ ಮೇಲೆ ನಿಂತಿದೆಯೇ ಎಂದು ಅವರು 1984ರಲ್ಲೇ ಕೇಳಿದ್ದರು. ನೀತಿ ಎಂಬುದು ಮೊದಲು ಎಲ್ಲೋ ಸಿದ್ಧವಾಗಿದ್ದು, ಆಮೇಲೆ ವ್ಯಾಪಾರದ ಮೇಲೆ ಹಚ್ಚುವ ಮುಲಾಮು ಅಲ್ಲ. ಫೈನಾನ್ಸ್ ತರಗತಿಯಲ್ಲಿ ಷೇರಿನ ಬೆಲೆ ಒಂದೇ ಗುರಿ ಎಂದು ಒಪ್ಪಿಕೊಂಡು, ಮಧ್ಯಾಹ್ನ ಎಥಿಕ್ಸ್ ತರಗತಿಯಲ್ಲಿ ಕೂತು ನೌಕರರು, ಗ್ರಾಹಕರು, ಊರಿನವರು ಎಲ್ಲರ ಹಿತ ಚರ್ಚಿಸಿದರೆ ಅದೇ ಕೋಣೆಗಳ ಕಥೆ ಮತ್ತೆ. ವಿದ್ಯಾರ್ಥಿ ಎರಡೂ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಾನೆ.

ಭಾರತದಲ್ಲಿ ಬೇರೆ ದಾರಿ ಹುಡುಕಿದವರಿದ್ದಾರೆ. ಕಲ್ಕತ್ತದ ಐಐಎಂನಲ್ಲಿ ಎಸ್. ಕೆ. ಚಕ್ರವರ್ತಿ ಅವರು ಮಾನವ ಮೌಲ್ಯಗಳಿಗಾಗಿಯೇ ಒಂದು ಕೇಂದ್ರ ಕಟ್ಟಿದರು. ವೇದಾಂತದ ಆಧಾರದ ಮೇಲೆ ಮ್ಯಾನೇಜರಿನ ಮನಸ್ಸನ್ನು ಶುದ್ಧಗೊಳಿಸುವುದು ಅವರ ಒತ್ತು. ಗೌರವಿಸಬೇಕಾದ ಪ್ರಯತ್ನ. ಆದರೂ ಮೆಕಿಂಟೈರ್ ಓದಿದ ಮೇಲೆ ನನಗೊಂದು ಅನುಮಾನ ಉಳಿಯುತ್ತದೆ. ಧ್ಯಾನ ಮಾಡಿದ ಮನಸ್ಸೂ ಬೆಳಿಗ್ಗೆ ಹತ್ತಕ್ಕೆ ಅದೇ ಕುರ್ಚಿಯಲ್ಲಿ ಕೂರಬೇಕಲ್ಲ. ಕುರ್ಚಿ ಏನನ್ನು ಕೇಳುತ್ತದೆ ಎಂಬುದು ಬದಲಾಗದಿದ್ದರೆ?

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಇನ್ನೊಂದು ದಾರಿ. ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಇದರಿಂದ ಎಷ್ಟೋ ಶಾಲೆಗಳಿಗೆ ಶೌಚಾಲಯ ಬಂದಿದೆ, ಒಳ್ಳೆಯದೇ. ಆದರೆ ಆ ಲಾಭ ಹೇಗೆ ಬಂತು ಎಂದು ಈ ಸೆಕ್ಷನ್ ಕೇಳುವುದಿಲ್ಲ. ಉಳಿದ 98ರ ಬಗ್ಗೆ ಅದಕ್ಕೆ ಮಾತಿಲ್ಲ.

ಹಾಗಾದರೆ ಮೆಕಿಂಟೈರ್ ಬರೀ ಬೈದು ಸುಮ್ನೆ ಕೂತರೇ? ಇಲ್ಲ. ಅವರ ಅತ್ಯಂತ ಉಪಯುಕ್ತ ವಿಚಾರ ಬರುವುದು ಈಗ. ಒಂದು ಮಗುವಿಗೆ ಚೆಸ್ ಕಲಿಸಬೇಕು ಅಂದುಕೊಳ್ಳಿ. ಮಗುವಿಗೆ ಏಳು ವರ್ಷ. ಚೆಸ್ ಬೇಡ, ಮಿಠಾಯಿ ಬೇಕು. ನೀವು ಹೇಳುತ್ತೀರಿ: ವಾರಕ್ಕೊಂದು ಆಟ ಆಡಿದರೆ 50 ಸೆಂಟ್‌ನ ಮಿಠಾಯಿ, ಗೆದ್ದರೆ ಇನ್ನೂ 50 ಸೆಂಟ್‌ನದು. ಮಗು ಆಡುತ್ತದೆ. ಮಿಠಾಯಿಗಾಗಿ ಮಾತ್ರ ಆಡುವವರೆಗೆ, ಸಿಕ್ಕಿಬೀಳದಿದ್ದರೆ ಮೋಸ ಮಾಡದಿರಲು ಅದಕ್ಕೆ ಯಾವ ಕಾರಣವೂ ಇಲ್ಲ. ಆದರೆ ಆಡುತ್ತಾ ಆಡುತ್ತಾ ಒಂದು ದಿನ ಆಟದ ರುಚಿ ಹತ್ತುತ್ತದೆ. ಎದುರಾಳಿಯ ನಾಲ್ಕು ನಡೆ ಮುಂದಿನದನ್ನು ಕಾಣುವ ಖುಷಿ, ಒಂದು ಸುಂದರ ಬಲೆ ಹೆಣೆಯುವ ಖುಷಿ. ಅವತ್ತಿನಿಂದ ಮೋಸ ಮಾಡಿದರೆ ಮಗು ಮೋಸ ಮಾಡಿಕೊಳ್ಳುವುದು ತನಗೇ.

ಮಿಠಾಯಿಯಂಥದ್ದನ್ನು ಅವರು ಹೊರಗಿನ ಫಲ ಎನ್ನುತ್ತಾರೆ. ಹಣ, ಹುದ್ದೆ, ಹೆಸರು. ಇವು ಯಾವ ಕೆಲಸದಿಂದಲೂ ಬರಬಹುದು. ನನಗೆ ಜಾಸ್ತಿ ಬಂದರೆ ನಿನಗೆ ಅಷ್ಟು ಕಡಿಮೆ. ಒಳಗಿನ ಫಲ ಆ ಕೆಲಸದೊಳಗೇ ಇರುತ್ತದೆ. ಅದನ್ನು ಬಲ್ಲವರ ಜೊತೆ ಪಳಗಿದರೆ ಮಾತ್ರ ಸಿಗುತ್ತದೆ. ಒಬ್ಬ ಚಿತ್ರಕಾರ ಹೊಸ ಎತ್ತರ ಮುಟ್ಟಿದರೆ ಉಳಿದ ಚಿತ್ರಕಾರರಿಗೂ ಲಾಭವೇ. ಇಂಥ ಫಲ ಇರುವ ಕಸುಬನ್ನು ಮಾತ್ರ ಅವರು ವಿಶೇಷ ಅರ್ಥದಲ್ಲಿ ಸಾಧನೆ ಎಂದು ಕರೆಯುತ್ತಾರೆ. ಇಟ್ಟಿಗೆ ಇಡುವುದು ಅದರಲ್ಲಿ ಬರುವುದಿಲ್ಲ, ವಾಸ್ತುಶಿಲ್ಪ ಬರುತ್ತದೆ. ಗೆಡ್ಡೆ ನೆಡುವುದು ಬರುವುದಿಲ್ಲ, ಬೇಸಾಯ ಬರುತ್ತದೆ. ಇಟ್ಟಿಗೆ ಇಡುವವರನ್ನು ಹೊರಗಿಟ್ಟದ್ದಕ್ಕೆ ಗಾರೆ ಕೆಲಸ ಬಲ್ಲ ಯಾರಾದರೂ ಜಗಳಕ್ಕೆ ಬಂದರೆ ನಾನು ಅವರ ಪಕ್ಷವೇ.

ಸಾಧನೆ ಗಾಳಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೊಂದು ಸಂಸ್ಥೆ ಬೇಕು. ವೈದ್ಯಕ್ಕೆ ಆಸ್ಪತ್ರೆ, ಚೆಸ್‌ಗೆ ಕ್ಲಬ್ಬು, ಕಲಿಕೆಗೆ ವಿಶ್ವವಿದ್ಯಾಲಯ. ಸಂಸ್ಥೆಗೆ ಹಣ ಬೇಕು, ಅಧಿಕಾರ ಬೇಕು, ಅದನ್ನು ಹಂಚಬೇಕು. ಅಂದರೆ ಸಂಸ್ಥೆ ತನ್ನ ಸ್ವಭಾವದಿಂದಲೇ ಹೊರಗಿನ ಫಲದ ಹಿಂದೆ ಹೋಗುತ್ತದೆ. ಅದು ತಪ್ಪಲ್ಲ, ಅನಿವಾರ್ಯ. ಆದರೆ ಅದನ್ನು ಹಾಗೇ ಬಿಟ್ಟರೆ ತಾನು ಕಾಪಾಡಬೇಕಾದ ಸಾಧನೆಯನ್ನೇ ತಿಂದುಹಾಕುತ್ತದೆ. ತಡೆಯುವುದು ಯಾವುದು? ಒಳಗಿರುವವರ ನ್ಯಾಯ, ಧೈರ್ಯ, ಸತ್ಯ. ಮೆಕಿಂಟೈರ್ ಓದಿನಲ್ಲಿ ಸದ್ಗುಣಗಳಿಗೆ ಇರುವ ಕೆಲಸ ಇದು. ಪಿಂಟೋ ಕಥೆಗೆ ಇದನ್ನು ಹಿಡಿದು ನೋಡಿ. ಸುರಕ್ಷಿತ ಕಾರು ಮಾಡುವುದು ಎಂಜಿನಿಯರುಗಳ ಸಾಧನೆ. ಎಷ್ಟು ದೂರು ಬಂದರೆ ರೀಕಾಲ್ ಎಂಬುದು ಸಂಸ್ಥೆಯ ಅಳತೆ. ಜಿಯೋಯಾ ಎಂಜಿನಿಯರಿಂಗ್ ಓದಿದ್ದರು. ಆದರೆ ಆ ಮೇಜಿನ ಮುಂದೆ ಅವರು ಎಂಜಿನಿಯರ್ ಆಗಿರಲಿಲ್ಲ.

ಇದರ ಬೇರು ಅರಿಸ್ಟಾಟಲ್‌ನಲ್ಲಿದೆ. ಧೈರ್ಯ ಇರುವುದು ಹಣ ಮಾಡಲು ಅಲ್ಲ, ವೈದ್ಯ ಇರುವುದು ಆರೋಗ್ಯಕ್ಕೆ, ಸೇನಾಪತಿಯ ವಿದ್ಯೆ ಇರುವುದು ಗೆಲುವಿಗೆ. ಕೆಲವರು ಇವೆಲ್ಲವನ್ನೂ ಹಣ ಮಾಡುವ ವಿದ್ಯೆಯಾಗಿ ತಿರುಗಿಸಿಬಿಡುತ್ತಾರೆ ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದಿಟ್ಟ. ಮನೆ ನಡೆಸಲು ಬೇಕಾದ ಸಂಪತ್ತಿಗೆ ಒಂದು ಮಿತಿ ಇದೆ. ಹಣಕ್ಕಾಗಿಯೇ ಹಣ ಮಾಡುವುದಕ್ಕೆ ಮಾತ್ರ ಕೊನೆ ಇಲ್ಲ. ಇಲ್ಲಿ ಯಾವ ಕನ್ನಡಿಗರಿಗೂ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ನಮಗೆ ಇಷ್ಟು ಬೇಡ, ಅಲ್ಲೇ ಸುರಿದು ಬನ್ನಿ ಎಂದವಳು. ಎಲ್ಲವನ್ನೂ ನಮ್ಮವರು ಆಗಲೇ ಹೇಳಿದ್ದಾರೆ ಎಂದು ಹೆಮ್ಮೆ ಪಡಲು ಇದನ್ನು ತರುತ್ತಿಲ್ಲ. ಸಾಕು ಎನ್ನುವ ಗೆರೆಯನ್ನು ಯಾರು, ಎಲ್ಲಿ ಎಳೆಯಬೇಕು ಎಂಬುದು ಎಂಬಿಎ ಪಠ್ಯದಲ್ಲಿ ಎಲ್ಲೂ ಇಲ್ಲದ ಪ್ರಶ್ನೆ. ಅವಳು ಅದನ್ನು ಅಡುಗೆಮನೆಯಲ್ಲಿ ನಿಂತು ಕೇಳಿದಳು.

ಮೆಕಿಂಟೈರ್‌ಗೆ ವಿರೋಧವೂ ಕಡಿಮೆ ಇಲ್ಲ. ಲಕ್ಷಾಂತರ ನೌಕರರಿರುವ ಕಂಪನಿಯನ್ನು ಚೆಸ್ ಕ್ಲಬ್ಬಿನ ಹಾಗೆ ನಡೆಸಲು ಆಗುತ್ತದೆಯೇ ಎಂಬುದು ಒಂದು. ಹಳೆಯ ಕಸುಬುಗಳ ಕಾಲದ ಮೋಹ ಎಂಬುದು ಇನ್ನೊಂದು. ಆ ಕಾಲದಲ್ಲಿ ಯಾರಿಗೆ ಯಾವ ಕಸುಬಿನ ಬಾಗಿಲು ಮುಚ್ಚಿತ್ತು ಎಂದು ಭಾರತದಲ್ಲಿ ಕೂತು ಓದುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಸುಬಿನ ಹಿರಿಮೆ ಹೇಳುವಾಗ ಜಾತಿಯನ್ನು ಮರೆಯುವಂತಿಲ್ಲ. ಬ್ರಿಟನ್ನಿನ ಜೆಫ್ ಮೂರ್ ಅವರಂಥ ವಿದ್ವಾಂಸರು ಮೆಕಿಂಟೈರ್ ಚೌಕಟ್ಟನ್ನೇ ಇಟ್ಟುಕೊಂಡು, ಸಂಸ್ಥೆಯನ್ನು ಚೆನ್ನಾಗಿ ಕಾಪಾಡಿ ನಡೆಸುವುದೂ ಒಂದು ಸಾಧನೆಯೇ ಎಂದು ವಾದಿಸುತ್ತಾರೆ. ಹಾಗೆ ನೋಡಿದರೆ ಮ್ಯಾನೇಜರ್‌ಗೂ ಒಳಗಿನ ಫಲ ಉಂಟು. ಮೂಲ ಲೇಖಕರಿಗಿಂತ ಈ ತಿದ್ದುಪಡಿ ನನಗೆ ಹೆಚ್ಚು ಹಿಡಿಸುತ್ತದೆ. ಮೆಕಿಂಟೈರ್ ಕೂಡ ಕೊನೆಗಾಲದಲ್ಲಿ ಸ್ವಲ್ಪ ಮೆತ್ತಗಾದರು. 2016ರ ತಮ್ಮ ಪುಸ್ತಕದಲ್ಲಿ ಗುಣಮಟ್ಟದ ತಜ್ಞ ಡೆಮಿಂಗ್ ಅವರ ವಿಚಾರವನ್ನೂ ಜಪಾನಿನ ಕಾರು ಕಾರ್ಖಾನೆಗಳನ್ನೂ ಮೆಚ್ಚಿ ಬರೆದರು. ಅಲ್ಲಿ ಕೆಲಸಗಾರರ ತಂಡವೇ ಕಾರಿನ ಗುಣಮಟ್ಟಕ್ಕೆ ಹೊಣೆ.

ಅದೇ ಪುಸ್ತಕದಲ್ಲಿ ಡೆನ್ಮಾರ್ಕಿನ ಥೋರಪ್‌ಸ್ಟ್ರಾಂಡ್ ಎಂಬ ಮೀನುಗಾರರ ಊರು ಬರುತ್ತದೆ. ಅಲ್ಲಿ ಸಣ್ಣ ದೋಣಿಗಳನ್ನು ಮರಳಿನ ದಡದಿಂದಲೇ ಸಮುದ್ರಕ್ಕೆ ಇಳಿಸುತ್ತಾರೆ. ದೋಣಿಯವರಿಗೆ ಸಂಬಳವಿಲ್ಲ, ಹಿಡಿದ ಮೀನಿನಲ್ಲಿ ಪಾಲು. 2007ರಿಂದ ಸರ್ಕಾರ ಮೀನು ಹಿಡಿಯುವ ಕೋಟಾವನ್ನು ಖಾಸಗಿ ಆಸ್ತಿಯಾಗಿಸಿ ಮಾರುಕಟ್ಟೆಗೆ ಬಿಟ್ಟಿತು. ದುಡ್ಡಿದ್ದವರು ಊರೂರಿನ ಕೋಟಾ ಕೊಂಡರು. ಮಾರಿದವರ ಕೈಗೆ ಒಮ್ಮೆಗೆ ದೊಡ್ಡ ಮೊತ್ತ ಬಂತು, ಮಕ್ಕಳಿಗೆ ಸಮುದ್ರ ಉಳಿಯಲಿಲ್ಲ. ಥೋರಪ್‌ಸ್ಟ್ರಾಂಡಿನ 20 ಕುಟುಂಬಗಳು ಮಾರಲಿಲ್ಲ. ಎಲ್ಲರೂ ಸೇರಿ ಒಂದು ಸಹಕಾರಿ ಸಂಘ ಕಟ್ಟಿಕೊಂಡರು. ಬ್ಯಾಂಕಿನಿಂದ ಸಾಲ ತೆಗೆದು ಕೋಟಾ ಕೊಂಡು ಸಂಘದ ಹೆಸರಿನಲ್ಲಿಟ್ಟರು. ಹೊಸ ಹುಡುಗನೊಬ್ಬ ದೋಣಿ ಏರಬೇಕೆಂದರೆ ಕೋಟಾಗಾಗಿ ಅವನೊಬ್ಬನೇ ಸಾಲ ಮಾಡಬೇಕಿಲ್ಲ.

ಇದನ್ನು ಓದಿ ಆಹಾ ಎನ್ನುವ ಮೊದಲು ಆ ಸಾಲದ ಕಡೆ ನೋಡಬೇಕು. ಸಂಘಕ್ಕೂ ಬಡ್ಡಿ ಕಟ್ಟಬೇಕು. ಮೀನಿನ ಬೆಲೆ ಬಿದ್ದ ವರ್ಷವೂ ಕಂತು ನಿಲ್ಲುವುದಿಲ್ಲ. ಯಾವ ದೋಣಿಗೆ ಎಷ್ಟು ಕೋಟಾ ಎಂದು ಯಾರೋ ಹಂಚಬೇಕು, ಲೆಕ್ಕ ಇಡಬೇಕು, ಬ್ಯಾಂಕಿನವರ ಎದುರು ಕೂತು ಮಾತಾಡಬೇಕು. ಹೆಸರು ಏನೇ ಇಡಲಿ, ಅದು ಮ್ಯಾನೇಜರ್ ಕೆಲಸವೇ. ಒಂದೇ ವ್ಯತ್ಯಾಸ, ಅದನ್ನು ಮಾಡುವವರು ಆ ಊರಿನ ದೋಣಿಯವರಿಗೆ ದಿನವೂ ಉತ್ತರ ಕೊಡಬೇಕು, ಯಾಕೆಂದರೆ ಗುರಿಯನ್ನು ಇಟ್ಟವರೂ ಅವರೇ.